ನಾಲಿಗೆ ಬಲ್ಲ ಮಣ್ಣು

ನಮ್ಮ ಕೆಲಸಕ್ಕೆ ಖಿಲ್ಲಾದ ಮಣ್ಣೇ ಆಗಬೇಕು,
ಅದೂ ಮಳೆ ಕಾಣದ್ದು, ಬಿಸಿಲು ಕಾಣದ್ದು,
ಗಟ್ಟಿ ನಿಂತ ಕಮಾನಿನ ಅಡಿ
ನೂರಾರು ವರ್ಷ ಸುಮ್ಮನೆ ಕೂತದ್ದು.
ಜಲಾಲೋದ್ದೀನ್ ಮಾಮು ಚಿಟಿಕೆ ಎತ್ತಿ
ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚುತ್ತಾರೆ.
"ಆಗ್ತದ" ಅಂದರೆ ನಾನು ಚೀಲ ಬಿಚ್ಚಬೇಕು,
"ಥೂ" ಅಂದರೆ ಮುಂದಿನ ಗೋಡೆ.

ಮಿರಗ ಬಿದ್ದ ಮೂರನೇ ದಿನ
ಕಾರಖಾನೆಯ ಹಿಂದೆ, ಸೀತಾಫಲದ ಬುಡದಲ್ಲಿ
ಓತಿಕ್ಯಾತವೊಂದು ಗುಂಡಿ ತೋಡಿ
ಹನ್ನೊಂದು ತತ್ತಿ ಇಟ್ಟು
ಮೂತಿಯಿಂದ ಮಣ್ಣು ಗುದ್ದಿ ಗುದ್ದಿ ಮುಚ್ಚಿ
ಹಿಂದೆ ನೋಡದೆ ಹೋಯಿತು.
ಅದೂ ಮೊದಲು ನಾಲಿಗೆ ಹಚ್ಚಿತ್ತೋ ಏನೋ,
ನಾನು ಬಂದದ್ದು ತಡವಾಗಿ.

ಮರುದಿನ ಅಲ್ಲೇ ನಳದ ಪೈಪಿಗೆ ಅಗೆಯುವವರು ಬಂದರು.
ಮಾಮುವಿನ ಮೊಮ್ಮಗಳು ನಿಖತ್, ಏಳನೆತ್ತೆ,
ಓಡಿ ಹೋಗಿ ದುಪಟ್ಟಾದ ತುಂಬ ತತ್ತಿ ತಂದಳು.
"ಹೊರಳಿಸಬ್ಯಾಡ್ರಿ, ಮ್ಯಾಲಿಂದು ಮ್ಯಾಲೇ ಇರಲಿ"
ಎಂದು ಒಂದೊಂದರ ನೆತ್ತಿಗೂ ಪೆನ್ಸಿಲಿನ ಚುಕ್ಕಿ,
ಹೂಜಿಯ ಮೇಲೆ ಬಳ್ಳಿ ಕೊರೆಯುವ ಮೊದಲು
ನಾನು ಇಡುತ್ತೇನಲ್ಲ, ಅಂಥದೇ.

ನಾಲ್ಕು ಕುಲುಮೆ ಕೋಣೆಯ ಗೂಡಿಗೆ,
ಹಸಿಮಣ್ಣು ತುಂಬಿದ ಬಿಸ್ಕಿಟಿನ ಡಬ್ಬಿಯಲ್ಲಿ.
ನಾಲ್ಕು ಹರವಿಯ ಅಡಿ, ನೀರು ಜಿನುಗುವ ತಂಪಿಗೆ.
ಉಳಿದ ಮೂರನ್ನು ನಾನು, ಶಾಣ್ಯಾ ಮನುಷ್ಯ,
ಖಿಲ್ಲಾದ ಮಣ್ಣಿನಲ್ಲೇ ಹುಗಿದೆ.
ಒಳ್ಳೆಯ ಮಣ್ಣು ಎಲ್ಲಕ್ಕೂ ಒಳ್ಳೆಯದೇ ಅಂದುಕೊಂಡು.

ಆರಿದ್ರಾ ಹೊತ್ತಿಗೆ ಹಸಿಯಲ್ಲಿದ್ದವು
ತೊಗಲಿನಿಂದಲೇ ನೀರು ಕುಡಿದು
ದ್ರಾಕ್ಷಿಯಂತೆ ಬಿಗಿದುಕೊಂಡಿದ್ದವು.
ನನ್ನ ಮೂರು ಒಳಗೆ ಕುಸಿದಿದ್ದವು,
ಹೆಬ್ಬೆರಳು ಒತ್ತಿ ಬಿಟ್ಟ ಹಿಟ್ಟಿನ ಹಾಗೆ.
ಮಾಮು ಉಳಿ ಕೆಳಗಿಟ್ಟು ನೋಡಿದರು.
"ಇದು ನೀರಡಿಸಿದ ಮಣ್ಣು, ಮಗಾ.
ಸತುವಿನ ಬಣ್ಣಾನೇ ಕುಡೀತದ,
ತತ್ತಿಯೊಳಗಿನ ಹನಿ ಬಿಡ್ತದೇನು?"
ಎತ್ತಿ ಹರವಿಯ ಅಡಿ ಇಟ್ಟೆವು.
ಎರಡು ಹಾಗೇ ಮುರುಟಿದವು.
ಒಂದು, ಎರಡು ವಾರಕ್ಕೆ,
ಮೆಲ್ಲಗೆ ಕೆನ್ನೆ ತುಂಬಿಕೊಂಡಿತು.

ನೀರು ಹೆಚ್ಚಾದರೂ ಕಷ್ಟವೇ:
ಹರವಿ ಒಂದು ದಿನ ಉಕ್ಕಿ ಹರಿದು
ಅಲ್ಲಿಯ ಒಂದು ತತ್ತಿಗೆ ಹಸಿರು ಬೂಷ್ಟು.
ನಿಖತ್ ಏನೂ ಅನ್ನದೆ ಚಮಚದಲ್ಲಿ ಎತ್ತಿ
ಇರುವೆ ಸಾಲಿನ ಹತ್ತಿರ ಇಟ್ಟು ಬಂದಳು.

ಎರಕ ಹೊಯ್ದ ದಿನ ಕುಲುಮೆ ಕೋಣೆ
ಮಾತಾಡಲೂ ಆಗದಷ್ಟು ಕಾಯ್ದಿತ್ತು.
ಡಬ್ಬಿಯ ನೆನಪು ಸಂಜೆಗೆ ಬಂತು.
ಎರಡು ತತ್ತಿ ಮುಗಿದಿದ್ದವು.
ಉಳಿದೆರಡು ಪುಷ್ಯದ ಮಳೆಯಲ್ಲೇ ಒಡೆದವು,
ಎಲ್ಲಕ್ಕೂ ಮೊದಲು, ಅವಸರದ ಕೂಸುಗಳು,
ಕಿರುಬೆರಳಿನಷ್ಟೂ ಇಲ್ಲ.
ಹೊಟ್ಟೆಯಲ್ಲಿ ಇನ್ನೂ ಹಳದಿಯ ಉಬ್ಬು.
ಹೆಸರಿಡುವ ಮೊದಲೇ ಇದ್ದಿಲ ಚೀಲದ ಹಿಂದೆ ಹೋದವು.

ತಂಪಿನವು ಕಾದವು.
ಆಶ್ಲೇಷ ಹೋಯಿತು. ಮಘೆಯಲ್ಲಿ, ಮೋಡ ಕವಿದ ಮಧ್ಯಾಹ್ನ,
ಮೂರು ಹೊರಬಂದವು.
ಬಾಲವೇ ಇಷ್ಟುದ್ದ.
ಒಂದು, ಇನ್ನೂ ಕಪ್ಪಾಗದ ಹೂಜಿಯನ್ನೇರಿ
ಬೆಳ್ಳಿ ತಂತಿಯ ಬಳ್ಳಿಗೆ ಉಗುರು ಕೊಟ್ಟು ಕೂತಿತು.
ಗಂಟಲು ಏರುತ್ತಿತ್ತು, ಇಳಿಯುತ್ತಿತ್ತು.
ಆ ಹೂಜಿಯನ್ನು ಅವತ್ತು ಯಾರೂ ಮುಟ್ಟಲಿಲ್ಲ.

ಈಗ ಹುಬ್ಬಿ ಮಳೆ.
ಕೆನ್ನೆ ತುಂಬಿಕೊಂಡ ಆ ಒಂದು ಇನ್ನೂ ಒಡೆದಿಲ್ಲ.
ಒಳಗೆ ಇದೆಯೋ ಇಲ್ಲವೋ,
ಬಿಸಾಡಲು ನಿಖತ್ ಬಿಡುವುದಿಲ್ಲ.
ನಿನ್ನೆ ನಮಾಜು ಮುಗಿಸಿ ಬಂದ ಮಾಮು
ಯಾರೂ ಇಲ್ಲವೆಂದುಕೊಂಡು ಮುಚ್ಚಳ ತೆಗೆದು
ಆ ಹಸಿಮಣ್ಣಿನ ಚಿಟಿಕೆಯನ್ನೇ ನಾಲಿಗೆಗೆ ಹಚ್ಚಿದರು.
ಕಣ್ಣು ಮುಚ್ಚಿದರು. ಬಹಳ ಹೊತ್ತು.
"ನಮಗ ಆಗಂಗಿಲ್ಲ" ಅಂದರು,
ಸದ್ದಾಗದಂತೆ ಮುಚ್ಚಳ ಹಾಕಿದರು.