ಸೆಲ್ಫ್

ಕೀಲಿ ತಿರುವಿದರ ಟಕ್ ಅಂತದ, ಅಷ್ಟೇ.
ಬ್ಯಾರೆ ಏನೂ ಅನ್ನಂಗಿಲ್ಲ.
ಆರು ತಿಂಗಳಾತು ನಮ್ಮ ಟಂಟಂ
ಮಾತು ಬಿಟ್ಟ ಅತ್ತಿಯಂಗ
ಬರೇ ನಾಲಿಗಿ ಲೊಚ್ಚ ಅನ್ನಸ್ತದ.

"ಸೆಲ್ಫ್ ಹೋಗ್ಯಾದ," ಅಂದ ಮಿಸ್ತ್ರಿ ಖಾಜಾ
ಕೈ ಒರಸಗೋತ. "ಹೊಸಾದಂದ್ರ ನಾಕೂವರಿ ಸಾವಿರ."
ಅವತ್ತಿನಿಂದ ಓಣಿನೇ ನನ್ನ ಸೆಲ್ಫ್.

ಶಹಾಬಾದದಾಗ ಮುಂಜಾನೆ ಆರಕ್ಕ,
ಪರಸಿ ಕಲ್ಲಿನ ಧೂಳ ಇನ್ನೂ ಹಾಸಿಗಿ ಬಿಟ್ಟು ಏಳದಾಗ,
ಬಾಯಾಗ ಬೇವಿನ ಕಡ್ಡಿ ಇಟಗೊಂಡೇ ಬರತಿದ್ದ ಪೀರಪ್ಪ,
ಪಾಲಿಶ್ ಮಶೀನಿಗೆ ಹೋಗೋ ಅಣ್ಣ ತಮ್ಮ ಇಬ್ಬರು,
ಕಿವಿ ಕೇಳದ ದಸ್ತಗೀರಸಾಬ,
ಸೆರಗು ಸಿಗಿಸಿ ಮಹಬೂಬಬಿ.
ಒಂದು, ಎರಡು, ಹ್ಞಾಂ, ಧಕ್ಕಾ!
ಎರಡನೇ ಗೇರಿನಾಗ ಕ್ಲಚ್ ಬಿಟ್ಟರ
ಮೈ ಝಾಡಿಸಿ ಏಳತಿತ್ತು.
ಹೊಗಿ ಎಲ್ಲಾ ಅವರ ಮಾರಿಗೆ.

ಹಿಂದ ತಿರುಗಿ ನೋಡಿಲ್ಲ ನಾ ಒಂದಿನಾನೂ.
ನಿಂತರ ಮತ್ತ ಬಂದ್ ಬೀಳತದಲ್ಲ.

ಕಲಬುರಗಿ ಗುಜರಿಯಾಗ ಒಂದು ಸಿಕ್ತು,
ಹದಿನೆಂಟು ನೂರಕ್ಕ, ಜ್ವಾಳದ ಚೀಲದಾಗ ಹಾಕಿ ತಂದೆ.
ಕೂಡಸಲಾಕ ಖಾಜಾ ಕೇಳಿದ್ದು ಐನೂರು.
ಬಿಚ್ಚೋದು ನೋಡೀನಿ, ಬಿಚ್ಚತೀನಿ ತಗೋ ಅಂದೆ.
ಮೊದಲು ಬ್ಯಾಟರಿ ಮೈನಸ್ ತೆಗಿ,
ಇಲ್ಲಂದ್ರ ಪಾನಾ ಕಿಡಿ ಕಾರತದ.
ಇಷ್ಟು ಪುಕ್ಕಟ ಹೇಳಿದ.

ಐತವಾರ. ಅಂಗಳ. ಹದಿಮೂರರ ಪಾನಾ.
ಎರಡೇ ಬೋಲ್ಟು.
ಮ್ಯಾಲಿಂದು ಮಾತು ಕೇಳ್ತು.
ತಳಗಿಂದು ಕಣ್ಣಿಗೆ ಕಾಣಂಗಿಲ್ಲ,
ಆಕಳ ಹೊಟ್ಟ್ಯಾಗ ಕರುವಿನ ಕಾಲು ಹುಡುಕಿದಂಗ
ಬೆರಳಲೇ ಹುಡುಕಬೇಕು.
ತುಕ್ಕು ಹಿಡದಿತ್ತು. ಘಾಸಲೇಟ್ ಹನಿಸಿ ಚಹಾ ಕುಡಿದು ಬಂದೆ.
ಮತ್ತ ಹನಿಸಿದೆ. ಬೈದೆ.
ಗಂಡ ಮೊಬೈಲಿನ ಬೆಳಕು ಹಿಡದಿದ್ದ,
ಬೋಲ್ಟಿಗಲ್ಲ, ನನ್ನ ಮಾರಿಗೆ.
"ಸಿಟ್ಟಿನಾಗ ಛಂದ ಕಾಣ್ತಿ" ಅಂದ.
ಬೋಲ್ಟು ಕಿರ್ರ್ ಅಂತು, ಗೆಣಕಿನ ಚರ್ಮ ಹ್ವಾತು.

ಹಸಿಗೂಸಿನಷ್ಟು ವಜ್ಜಿ.
ತೊಡಿ ಮ್ಯಾಲೆ ಇಟಗೊಂಡು ಹಿಂದಿನ ಮುಚ್ಚಳ ತೆಗದೆ,
ತೆಗೀಬೇಕಂತೇನೂ ಇರಲಿಲ್ಲ.
ಒಳಗ ಕಾರ್ಬನ್ನು ಸವೆದು ಸವೆದು
ಕಡ್ಲಿ ಬ್ಯಾಳಿಯಷ್ಟು ಉಳದಿತ್ತು.
ಹಲ್ಲಿನ ತುದಿ ಮುದುಕಿ ಒಸಡಿನಂಗ ನುಣ್ಣಗ.
ಇಂಜಿನ್ ಎಬ್ಬಿಸೋ ತನಕ ಇದರ ಕೆಲಸ.
ಎದ್ದದ್ದು ಗೊತ್ತಾದ ಕೂಡಲೇ
ಹಲ್ಲು ಬಿಡಿಸಿಕೊಂಡು ಹಿಂದಕ ಸರೀತದ.
ಅದು ತನ್ನ ಪಾಡಿಗೆ ತಾ ಹೋಗತದ.

"ಸೆಲ್ಫ್ ಅಂದ್ರ ತಾನು, ಅವ್ವಾ,"
ಅಂದಳು ಐದನೇತ್ತಿ ಭಾಗ್ಯವಂತಿ.
"ತಾನೇ ಏಳೋದಾ?"
"ತಾನು, ಅಷ್ಟೇ. ಏಳೋದು ಪುಸ್ತಕದಾಗ ಇಲ್ಲ."

ಸವೆದ ಕಾರ್ಬನ್ ಆಕೆ ತಗೊಂಡಳು.
ಪರಸಿ ಮ್ಯಾಲೆ ಪೆನ್ಸಿಲಿಗಿಂತ ಕರ್ರಗ ಮೂಡತದ ಅದು.
ನಾ ಹಳೇ ವೈರು ಹೊಸ ಮೋಟಾರಿಗೆ ಬಿಗಿಯೋದ್ರಾಗ
ಒಂದು ಟಂಟಂ ಬರದಿದ್ದಳು,
ಹಿಂದ ಬರೇ ಕೈ.
ಮಂದಿ ಇಲ್ಲ, ಮಾರಿ ಇಲ್ಲ, ಕೈ.

ಎಣಸಿದೆ. ಹನ್ನೆರಡು.
ಪೀರಪ್ಪ, ಅಣ್ಣ ತಮ್ಮ, ದಸ್ತಗೀರಸಾಬ, ಮಹಬೂಬಬಿ:
ಹತ್ತಾಗಬೇಕು.
"ಇವೆರಡು ಯಾರವು, ಸಣ್ಣವು?"
"ನನ್ನವು.
ನೀ ನೋಡೇ ಇಲ್ಲ."

ಕಾಗದದ ಮರಳಲೇ ಅರ್ಥಿಂಗಿನ ತಾಮ್ರ ತಿಕ್ಕಿದೆ,
ಬೇಕಾಗಿದ್ದಕ್ಕಿಂತ ಭಾಳ ಹೊತ್ತು.

ಸೋಮವಾರ ಆರಕ್ಕ ಕೀಲಿ ತಿರುವಿದೆ.
ಒಂದೇ ಹೊಡತಕ್ಕ ಎದ್ದು ನಿಂತು ಗುಡುಗಿತು.
ಪೀರಪ್ಪ ಹೊಸ್ತಿಲದಾಗೇ ನಿಂತ,
ಬೇವಿನ ಕಡ್ಡಿ ಒಂದು ದವಡಿಯಿಂದ ಇನ್ನೊಂದಕ್ಕ ಹಾಕಿದ.
ದಸ್ತಗೀರಸಾಬಗ ಕೇಳಸಲಿಲ್ಲ.
ಬಂದವನೇ ಹಿಂದಿನ ತಗಡಿಗೆ ಎರಡೂ ಕೈ ಇಟ್ಟ.
ಅಂಗೈಗೆ ತಿಳಿದಿರಬೇಕು.
ತೆಗೀಲಿಲ್ಲ.

ಗಾಡಿ ಚಾಲೂ ಇಟ್ಟು ಇಳಿದೆ,
ಹಿಂದ ಹೋದೆ.
ತಗಡಿನ ತುಂಬ ಕಲ್ಲಿನ ಧೂಳ,
ಕೈ ಹತ್ತಿದಲ್ಲಿ ಮಾತ್ರ ಹಸರ ಬಣ್ಣ ಹೊಳೀತಿತ್ತು.
ಎಲ್ಲಾರ ಕೈಗಿಂತ ತಳಗ,
ನಂಬರ್ ಪ್ಲೇಟಿನ ಬಾಜೂಕ,
ಎರಡು ಹೊಳಪು.
ರೊಟ್ಟಿ ತಟ್ಟಲಾಕ ಇನ್ನೂ ಬಾರದ ಅಳತಿ.