ಹೆಂಗೆ?

ಕಾದ ಮಾಳಿಗೆಗೆ ಎರಡು ಕೊಡ ನೀರು ಹೊಯ್ದು
ಆವಿ ಏಳುವುದು ನಿಂತ ಮೇಲೆ ಹಾಸುತ್ತೇವೆ
ನೇಯ್ಗೆ ತಪ್ಪಿ ಮೂಲೆಗೆ ಬಿದ್ದ ಎರಡು ಗಜ ಡೆನಿಮ್ಮು.
ಕೌಲ್ ಬಜಾರಿನ ಮೇಲೆ ಭಾನುವಾರದ ರಾತ್ರಿ.
ಕಟಿಂಗ್ ಮಾಸ್ಟರನ ಸೀಮೆಸುಣ್ಣದಲ್ಲಿ
ನಾನು ಗೀಚಿದ್ದೇ ಕೋಟೆ, ಕಂದಕ, ಸುರಂಗ.
ಹಿತ್ತಾಳೆ ಗುಂಡಿಗಳು ನಮ್ಮವರು,
ತುಕ್ಕು ಹಿಡಿದ ಬಾಬಿನ್ನುಗಳು ಶತ್ರುಸೈನ್ಯ,
ಅವುಗಳ ಹಿಂದೆ, ಇಸ್ತ್ರಿಪೆಟ್ಟಿಗೆಯ ರೂಪದಲ್ಲಿ,
ಗುಡ್ಡದ ಹೊಟ್ಟೆ ಸೀಳಿ ಎದ್ದುಬಂದ ಬಂಡೆರಾಯ.
ನಡುವೆ ಇಪ್ಪತ್ತು ಮುಖದ ಒಂದೇ ಒಂದು ದಾಳ,
ಅಂಚು ಸವೆದು ಗೋಲಿಯಾಗುತ್ತಿದೆ.

ಆಟ ನಡೆಸುವವನು ನಾನು, ನನ್ನ ಕಾನೂನು ಒಂದೇ:
ಬರೇ ಅಂಕಿ ಹೇಳಿದರೆ ಏಟು ಬೀಳೋದಿಲ್ಲ.

"ಬೆಂಕಿಬಾಣ. ಹನ್ನೊಂದು" ಅಂದ ಗಾದಿಲಿಂಗ.
ಹೆಂಗೆ?
"ಹೆಂಗೆ ಅಂದ್ರೆ? ಬೆಂಕಿ. ಬಾಣ. ಬಿತ್ತು."
ಬೆಂಕಿ ಅಂತ ಅಂಗಡ್ಯಾಗೆ ಕೇಳಿದ್ರೆ
ಕಡ್ಡಿಪೆಟ್ಟಿಗೆ ಕೊಡ್ತಾರಪ್ಪ, ನಿಂದು ಯಾವ ಬೆಂಕಿ?
ತಲೆ ಕೆರೆದ. ತೋರಣಗಲ್ಲಿನ ದಿಕ್ಕಿಗೆ ನೋಡಿದ,
ಬಾನಿನಂಚು ಅಲ್ಲಿ ಕೆಂಪಗಿತ್ತು.
"ಕುಲುಮೆ ಬಾಯಿ ತೆರೆದಾಗ
ಮೊದಲು ರೆಪ್ಪೆ ಒಣಗ್ತೈತಲ್ಲ, ಆಮೇಲೆ ಬೆಳಕು,
ಎಲ್ಲಾ ಆದ ಮೇಲೆ ಸದ್ದು. ಆ ಬೆಂಕಿ.
ಬಾಣ ಇನ್ನೂ ಬಿಲ್ಲಿನಾಗೇ ಐತೆ,
ಅವನ ಕಣ್ಣೀರು ಆಗಲೇ ಆರಿತು."
ಹನ್ನೊಂದಕ್ಕೆ ಇನ್ನೆರಡು ಸೇರಿಸಿಕೋ ಅಂದೆ.

"ನಾನು ಮಾಯ ಆಗ್ತೀನಿ" ಅಂದ ಎರ್ರಿಸ್ವಾಮಿ.
ಹೆಂಗೆ?
"ಬಾಡಿಗೆಗೆ ಮನಿ ಓನರು ಬಂದಾಗ
ನಮ್ಮಪ್ಪ ಆಗ್ತಿದ್ನಲ್ಲ, ಹಂಗೆ.
ಚಪ್ಪಲಿ ಬಾಗಿಲಾಗೆ, ಬೀಡಿ ಹೊಗೆ ಗಾಳ್ಯಾಗೆ,
ಮನುಷ್ಯ ಇಲ್ಲ."
ಬಂಡೆರಾಯ ಸಿಟ್ಟಿಗೆದ್ದು ಚಪ್ಪಲಿಗೆ ಗುದ್ದಿದ.
ನಕ್ಕು ನಕ್ಕು ಗುಂಡಿಗಳು ಚೆಲ್ಲಾಪಿಲ್ಲಿ.

ಕಾಜಾ ಮಷೀನಿನ ಹುಲಿಗೆಮ್ಮ
ಮೂರು ವಾರದಿಂದ ದಾಳ ಎಸೆದು
"ನೀವೇ ಹೇಳ್ರಿ" ಅಂತ ಕೂತವಳು.
ಅವಳ ಶಕ್ತಿ ಮೌನ.
ಅದನ್ನೇ ಎಸೆಯುತ್ತೇನೆ ಅಂದಳು ಇವತ್ತು.
ಹೆಂಗೆ?
ದಾಳವನ್ನು ಮುಷ್ಟಿಯೊಳಗೇ ಇಟ್ಟುಕೊಂಡಳು.
"ನಲವತ್ತು ಮಷೀನು ಓಡ್ತಿರ್ತಾವೆ.
ಎಷ್ಟೊತ್ತಿಂದ ಅಂದ್ರೆ, ಅದು ಸದ್ದು ಅನ್ನೋದೇ ಮರೆತಿರ್ತೀವಿ.
ಆಗ ಕರೆಂಟು ಹೋಗ್ತೈತೆ.
ಫ್ಯಾನು ಇನ್ನೊಂದು ಸುತ್ತು. ಅರ್ಧ ಸುತ್ತು.
ಬೆವರು ಕುತ್ತಿಗೆಯಿಂದ ಬೆನ್ನಿಗೆ ಇಳಿಯೋದು ಕೇಳ್ತೈತೆ.
ಪಕ್ಕದಾಕೆ ಇಷ್ಟೊತ್ತೂ ಹಾಡ್ಕೊಂತಿದ್ಲು ಅಂತ
ಆವಾಗ ಗೊತ್ತಾಗ್ತೈತೆ.
ಒಂದೇ ಒಂದು ಮಾತು ಹೊರಗೆ ಬಿದ್ದು, ನಾಚಿ, ನಿಲ್ತಾಳೆ.
ಆಮೇಲೆ ಇರ್ತೈತಲ್ಲ,
ಅದನ್ನ ಅವನ ತಲೆಮ್ಯಾಲೆ ಹಾಕ್ತೀನಿ."

ಗಾದಿಲಿಂಗನ ದವಡೆಯಲ್ಲಿ ಕಡಲೆ ನಿಂತಿತು.
ಕೋಟೆಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು
ಬಿಡುತ್ತಾ ಕೂತಿದ್ದು ಕೇಳಿಸಿದಂತಾಯಿತು.
ಆಗ ದಾಳ ಉರುಳಿತು.
ಎರಡು.

ಇಪ್ಪತ್ತು ಅಂತ ಸುಳ್ಳಾಡುವ ಆಸೆ
ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು.
ಅವಳೂ ನೋಡಿದ್ದಳು.
ತಪ್ಪಿತು, ಅಂದೆ. ಹೆಂಗೆ ತಪ್ಪಿತು?
ತಡವೇ ಮಾಡಲಿಲ್ಲ:
"ಮೂವತ್ತೊಂಬತ್ತು ನಿಂತವು.
ಒಂದು ಮಷೀನಿನ ತಾವ, ಕರೆಂಟಿಲ್ಲ, ಸೂಜಿ ಆಡ್ತಿಲ್ಲ,
ಆದ್ರೂ ಪೆಡಲು ಒತ್ತೋ ಕಾಲು
ಟಕ್ ಟಕ್ ಅಂತಾನೇ ಐತೆ.
ಅವನು ಕಿವಿಗೊಟ್ಟ. ಆ ಸದ್ದು ಹಿಡ್ಕೊಂಡು ಬಂದ.
ನಂದೇ ಕಾಲು."

ಇಸ್ತ್ರಿಪೆಟ್ಟಿಗೆ ಸರಿಸಿದೆ. ಒಂಬತ್ತು ಏಟು.
ಅವಳ ಗುಂಡಿ ಮಗುಚಿತು.

ವಾಷಿಂಗ್ ಯೂನಿಟ್ಟಿನ ಶೇಕ್ಷಾವಲಿ ನಮ್ಮ ವೈದ್ಯ.
ಮೊಣಕೈಯವರೆಗೆ ನೀಲಿ,
ಮದುವೆಯ ಮೆಹಂದಿಯೂ ಮುಚ್ಚಲಾರದೆ ಹೋದ ನೀಲಿ.
ಸರದಿ ಬಂದಾಗ ಏನೂ ಹೇಳಲಿಲ್ಲ.
ಮಗುಚಿದ ಗುಂಡಿಯನ್ನು ಎತ್ತಿ ನಿಲ್ಲಿಸಿ
ಸುತ್ತ ಅಂಗೈ ಕಟ್ಟಿದ, ಗಾಳಿಗೆ ದೀಪ ಹಿಡಿದಂತೆ.
ಬಟ್ಟೆ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು,
ನಾನು ಗೀಚಿದ ಗೆರೆಗೂ ತಿಳಿಯಲಿಲ್ಲ.

ದಾಳ ಬಿದ್ದಲ್ಲೇ ಬಿದ್ದಿತ್ತು.
ಪೆನ್ಸಿಲು ಎತ್ತಿ ಗಾದಿಲಿಂಗ ಮೆಲ್ಲಗೆ ಕೇಳಿದ:
"ಎಷ್ಟು ಅಂತ ಬರ್ಕೊಳ್ಳಲಿ?"