ಕಿವಿಯ ಹೆಸರಿನದು

ಮರಕೈಬೋದ ಆಸ್ಪತ್ರೆ. ಕರೆಂಟು ಹೋಗಿ ಬಂದ
ಮೂರನೇ ರಾತ್ರಿ ಯುಸ್ಮೇರಿ ತಟ್ಟೆಯ ಮುಚ್ಚಳ ತೆಗೆದಳು.
ಮದ್ದಿನ ಬಿಲ್ಲೆಯ ಸುತ್ತ ಬಯಲಿರಬೇಕಿತ್ತು,
ಚಂದ್ರನ ಸುತ್ತ ಬಳೆ ಬಿದ್ದ ಹಾಗೆ.
ಇಲ್ಲ.
ಕೆನೆಬಣ್ಣದ ಚುಕ್ಕಿಗಳು ಒತ್ತೊತ್ತಾಗಿ ಬೆಳೆದು
ಬಿಲ್ಲೆಗೇ ಒರಗಿ ಕೂತಿವೆ.

ಮೊದಲು ಯಾರದೋ ಕಿವಿಯಲ್ಲಿ ಸಿಕ್ಕಿತಂತೆ,
ಅದಕ್ಕೇ ಕಿವಿಯ ಹೆಸರು.
ಹೇಳಿದ್ದೊಂದನ್ನೂ ಕಿವಿಗೆ ಹಾಕಿಕೊಳ್ಳದು.

ಒಳಗೆ ಬಂದ ಔಷಧಿಯನ್ನು
ಪಂಪು ಹಚ್ಚಿ ಹೊರಗೆ ಚೆಲ್ಲುತ್ತದೆ.
ಅವಳಿಗೆ ನಗು ಬಂತು, ಬರಬಾರದಿತ್ತು:
ಅಪ್ಪ ಇಪ್ಪತ್ತೆರಡು ವರ್ಷ ಗ್ರೀಸು ಬಳಿದ
ಸರೋವರದ ಎಣ್ಣೆ ಪಂಪುಗಳು
ತುಕ್ಕು ತಿಂದು ನಿಂತು ಎಷ್ಟು ಕಾಲವಾಯಿತು!
ಊರಲ್ಲಿ ಕೆಟ್ಟು ನಿಲ್ಲದ ಪಂಪು ಇದೊಂದೇ.

ಫೋನಿನಲ್ಲಿ ಡಾಕ್ಟರ್ ಫೆರೆಬೂಸ್:
"ಒಂಬೈನೂರು ಗ್ರಾಂ ಕೂಸು. ಯಾವುದು ಕೊಡಲಿ?"
"ಒಂದು ಉಳಿದಿದೆ," ಅಂದಳು,
"ಮೂತ್ರಪಿಂಡ ನೋಡಿಕೊಳ್ಳಿ."
ಆ ಕಡೆ ಯಾರೋ ಮಂಚದ ಸರಳು ಒರೆಸುತ್ತಿದ್ದರು,
ಒರೆಸಿದ್ದನ್ನೇ ಮತ್ತೆ.

ಬಕೆಟ್ಟಿನ ನೀರು ಮುಗಿಯುವವರೆಗೂ
ಮೊಣಕೈತನಕ ತೊಳೆದುಕೊಂಡಳು.
ಕಿಟಕಿಯಾಚೆ, ದೂರ ದಕ್ಷಿಣದಲ್ಲಿ,
ಸರೋವರದ ಮೇಲೆ ಮಿಂಚು, ಮತ್ತೆ ಮಿಂಚು.
ಗುಡುಗು ಮಾತ್ರ
ಇಲ್ಲಿಯವರೆಗೆ ಕೇಳಿಸುವುದಿಲ್ಲ.